ನಲವತ್ತು ಕ್ಯಾನು

ಫೋನು ಬಂದಾಗ ಮದುವಿ ಮನಿಗೆ ಹೊಂಟಿದ್ದೆ.
ಹಿಂದ ನಲವತ್ತು ಕ್ಯಾನು, ಒಂದಕ್ಕೊಂದು ಭುಜ ಹಚ್ಚಿ.
‘ಶೇಕ್ಷಾ, ಕಾಲುವಿ ಕ್ಯಾಂಪಿನಾಗ ಬಣವಿ ಹತ್ತೈತಿ.’
ಅಷ್ಟ. ಯಮನೂರಪ್ಪ ಮಾತು ಉಳಿಸೋ ಮನುಷ್ಯ,
ಬೆಂಕಿ ಅಂತನೂ ಅನ್ನಲಿಲ್ಲ.

ಗಂಗಾವತಿಯಿಂದ ಕೆಂಪು ಗಾಡಿ ಬರಬೇಕು.
ಬರ್ತೈತಿ. ಭತ್ತದ ಲಾರಿ ಸಾಲು, ಹಂಪ್ಸು, ರೈಸ್ ಮಿಲ್ಲಿನ ತಿರುವು ದಾಟಿ
ಬಂದ ಬರ್ತೈತಿ.
ಹುಲ್ಲಿಗೆ ಅಷ್ಟು ಪುರಸೊತ್ತು ಇರಂಗಿಲ್ಲ.

ನನ್ನ ಗಾಡಿಗೆ ಸೈರನ್ ಇಲ್ಲ.
ಕಾರಟಗಿಯಾಗ ಹಾರನ್ನಿಗೆ ಯಾರೂ ಹೆದರಂಗಿಲ್ಲ,
ಎಮ್ಮಿ ಸೈತ, ಬ್ಯಾರೆದವರಿಗೆ ಹೊಡದಾನ ಅಂದ್ಕೊಂಡು ನಿಂತಿರ್ತಾವ.
ಅದಕ್ಕ ಮಗಳು ಹಾಜಿರಾ
ಬುತ್ತಿ ಬಿಚ್ಚಿ, ಗಂಗಾಳ ಕಿಡಕಿಯಾಚಿ ಹಿಡದು
ಪಾನಾದಿಂದ ಬಡೀತಾಳ.
ಊಟಕ್ಕ ಕರದ್ರೇನೋ ಅಂತ ತಿರುಗಿದ ಮಂದಿ
ಅಕಿ ಮಾರಿ ನೋಡಿ ದಾರಿ ಬಿಡ್ತಾರ.

ನಾ ಮುಟ್ಟೋದ್ರೊಳಗ ಯಮನೂರಪ್ಪನ ಎಕ್ಸೆಲ್ ಬಂದಿತ್ತು,
ಹಸಿ ಗೋಣಿಚೀಲ ಹೇರಿಕೊಂಡು, ದಾರಿತುಂಬ ನೀರು ಸುರಿಸಿಕೋತ.
ಸೂರಿಬಾಬು ಟ್ರ್ಯಾಕ್ಟರಿಗೆ ಎಣ್ಣಿ ಹೊಡಿಯೋ ಟ್ಯಾಂಕು ಕಟ್ಟಿ ತಂದಿದ್ದ,
ನೀರಿನ ಜೊತಿಗೆ ಹುಳದ ಎಣ್ಣಿ ನಾತ.
ಹಡಪದ ಲಿಂಗರಾಜ ಬಂದ, ಬೈಕಿನ ಹಿಂದ ಗಿರಾಕಿ ಸಮೇತ.
ಗಿರಾಕಿಗೆ ಒಂದು ಗಲ್ಲ ನುಣ್ಣಗ, ಇನ್ನೊಂದರ ಮ್ಯಾಲ ನೊರಿ.

ಕಾಲುವಿ ಬಂದಾಗಿ ಎರಡು ವಾರ.
ತಳದಾಗ ಒಣಗಿದ ಪಾಚಿ, ಯಾರದೋ ಒಂದು ಚಪ್ಪಲಿ.
ನಾನು ಕ್ಯಾನಿನ ಮುಚ್ಚಳ ಹರದೆ.
ಇಪ್ಪತ್ತು ಲೀಟರು, ಮೂರು ಸಲ ಸೋಸಿದ್ದು, ಹಲ್ಲು ಜುಂ ಅನ್ನೋ ತಂಪು,
ಬೀಗರ ಗಂಟಲಿಗಂತ ತುಂಬಿದ್ದು.
ಒಂದು. ನಾಕು. ಹದಿನೇಳು.
ಆಮ್ಯಾಲ ಎಣಿಸಲಿಲ್ಲ.

ಬಣವಿ ಉಳೀಲಿಲ್ಲ. ಸುಳ್ಳು ಯಾಕ ಹೇಳ್ಲಿ.
ಉಳದದ್ದು ಕೊಟ್ಟಿಗಿ, ಅದರ ಗ್ವಾಡಿಗೆ ಹತ್ತಿದ ಮನಿ,
ಒಂದು ಹೊಲಿಗಿ ಮಷೀನು, ಮೂರು ಎಮ್ಮಿ.
ಎಮ್ಮಿ ಕಣ್ಣಿ ಕೊಯ್ದಾಂವ ಆ ಅರ್ಧ ಗಲ್ಲದ ಗಿರಾಕಿ,
ಲಿಂಗರಾಜನ ಕತ್ತಿಯಿಂದ.
ಅವನ ಹೆಸರು ಇನ್ನೂ ಯಾರೂ ಕೇಳಿಲ್ಲ.

ಕೆಂಪು ಗಾಡಿ ಬಂತು. ಬೂದಿಗೂ ಬಿಡದಂಗ ಪೈಪು ಹಿಡದ್ರು.
ಹೆಲ್ಮೆಟ್ ತೆಗದು ಒಬ್ಬಾಂವ ಕೆಮ್ಮಿಕೋತ ಕೇಳಿದ:
‘ಕುಡಿಯಾಕ ನೀರೈತೇನ್ರಿ?’
ಎರಡು ಕ್ಯಾನು ಉಳದಿದ್ವು.
ಅವರೂ ಕುಡದ್ರು, ನಾವೂ, ಎಮ್ಮೀನೂ.

ಮದುವಿ ಮನ್ಯಾಗ ಬೈಸಿಕೊಂಡಿದ್ದು ಬ್ಯಾರೆ ಕತಿ.
ರಾತ್ರಿ ಹಾಜಿರಾ ಅದ ಗಂಗಾಳದಾಗ ಉಣ್ಣಾಕ ಕುಂತಾಳ.
ನಡುವ ತಗ್ಗು ಬಿದ್ದೈತಿ.
ಬ್ಯಾರೆದು ಕೊಡ್ತೀನಿ ಅಂದ್ರ ಅವರಮ್ಮ, ಒಲ್ಲೆ ಅಂತಾಳ:
ಸಾರೆಲ್ಲ ಈ ತಗ್ಗಿನಾಗ ಬಂದು ನಿಲ್ತೈತಿ.