ಎರಡು ಲಕೋಟೆ

ಬೆಳಗಿನ ಆರಕ್ಕೆ ಕೆಂಪು ವ್ಯಾನು ಹೊರಡುತ್ತದೆ.
ಗುಡ್ಡಕ್ಕೊಂದು ಮನೆ, ಮನೆಗೊಂದು ನಾಯಿ,
ನಾಯಿಗೊಂದು ಹಗೆ, ನನ್ನ ಎಡಗಾಲಿನ ಮೇಲೆ.
ವೇಲ್ಸ್‌ನ ಈ ಕಣಿವೆಗೆ ಹತ್ತೊಂಬತ್ತು ವರ್ಷ ಟಪಾಲು ಹಂಚಿದವಳು,
ಲಕೋಟೆ ಮುಟ್ಟಿದರೆ ಸಾಕು, ಒಳಗಿನದು ಗೊತ್ತು.
ಬ್ಯಾಂಕಿನದು ಬಿಗಿ. ಮೊಮ್ಮಕ್ಕಳದು ಉಬ್ಬು.
ಮತ್ತೆ ಇದು,
ಐವತ್ತು ದಾಟಿದವರ ಹೆಸರಿಗೆ ಎರಡು ವರ್ಷಕ್ಕೊಮ್ಮೆ,
ಒಳಗೆ ಕಿರುಬೆರಳಷ್ಟು ಸೀಸೆ, ಮುಚ್ಚಳಕ್ಕಂಟಿದ ಕಡ್ಡಿ,
ಹೇಗೆ ತೆಗೆಯಬೇಕೆಂಬ ಚಿತ್ರ.
ಹೊತ್ತು ಹೋಗುತ್ತೇನೆ. ಹೊತ್ತು ತರುವುದು ಕಡಿಮೆ.

ಹೈಲ್ವೆನ್ ಮನೆಯಲ್ಲಿ ಅದು ಬ್ರೆಡ್ಡಿನ ಡಬ್ಬಿಯ ಕೆಳಗೆ,
ಇದ್ವಲ್ ಮನೆಯಲ್ಲಿ ಗಡಿಯಾರದ ಹಿಂದೆ,
ಕೆಲವರಲ್ಲಿ ನೇರ ಒಲೆಗೆ.
ಚಾಪೆಲ್ಲಿನ ಹಿಂಕೋಣೆಯಲ್ಲಿ ನರ್ಸ್ ಒಮ್ಮೆ ಮಾತಾಡಿದಳು.
ಆರು ಜನ ಬಂದಿದ್ದರು, ನಾಲ್ವರು ಕೇಕಿಗೆ.
ನೆರೆಯವನ ಸಾವಿಗೆ ಕರುಳು ಕಿವುಚಿಕೊಳ್ಳುವ ಜನ
ಕರುಳಿನ ಮಾತು ಬಂದಾಗ ಕಿಟಕಿ ನೋಡಿದರು.
ಆಸ್ಪತ್ರೆ ಎರಡು ಗಂಟೆಯ ದಾರಿ,
ಕುರಿ ಈಯುವ ಕಾಲದಲ್ಲಿ ಅದು ಎರಡು ದಿನ.

ಇದೇ ಇದ್ವಲ್, ಅರವತ್ತೆಂಟರ ಮೊಣಕಾಲೂರಿ
ಹಿಂಡಿನ ಹಿಂದೆ ಬೆಚ್ಚಗಿನ ಹಿಕ್ಕೆ ಆರಿಸುತ್ತಾನೆ,
ಚೀಲಕ್ಕೆ ತುಂಬಿ ಲ್ಯಾಬಿಗೆ ಕಳಿಸುತ್ತಾನೆ,
ಹುಳದ ಮೊಟ್ಟೆ ಎಷ್ಟಿವೆ ನೋಡಿ ಅಂತ.
ಬಂದ ಸಂಖ್ಯೆಯನ್ನು
ಸಂತೆಯಲ್ಲಿ ಗಂಟಲೆತ್ತಿ ಹೇಳುತ್ತಾನೆ,
ಮಗಳ ಮಾರ್ಕ್ಸ್ ಹೇಳಿದ ಹಾಗೆ.

ಗೇಟಿನಲ್ಲಿ ಒಂದು ದಿನ ಕೇಳಿಯೇಬಿಟ್ಟೆ:
ಕುರಿಯದ್ದಕ್ಕೆ ಇಲ್ಲದ ನಾಚಿಕೆ ನಿನ್ನದಕ್ಕೇಕೆ?
ಅವನ ಕಿವಿ ಕೆಂಪಾಯಿತು.
ನಾಯಿಯೂ ಬೊಗಳಲಿಲ್ಲ.
'ಕುರಿಗೆ ಬೆಲೆಯಿದೆ, ಮೆರೆರಿಡ್,' ಅಂದ.
ಒಳಗೆ ಹೋದ.

ಮೂರು ವಾರ ಬರೀ ಬಿಲ್ಲು, ಬರೀ ತಲೆಯಾಡಿಸುವುದು.
ಆಮೇಲೆ ಒಂದು ಗುರುವಾರ
ಕಲ್ಲುಗೋಡೆಯ ಮೇಲೆ, ಗಾಳಿಗೆ ಹಾರದಂತೆ ಕಲ್ಲಿಟ್ಟು,
ಎರಡು ಲಕೋಟೆ.
ಒಂದು ಹಿಂಡಿನದು. ಇನ್ನೊಂದು ಅವನದು.
ಹುಲ್ಲಿನ ಹೊರೆ ಕಟ್ಟುವ ನೀಲಿ ದಾರದಿಂದ
ಎರಡನ್ನೂ ಒಟ್ಟಿಗೆ ಬಿಗಿದಿದ್ದ,
ಒಂಟಿಯಾಗಿ ಹೋಗಲು ಹೆದರೀತೆಂಬಂತೆ.

ಚೀಲಕ್ಕೆ ಹಾಕಲಿಲ್ಲ. ಮುಂದಿನ ಸೀಟಿನಲ್ಲಿಟ್ಟೆ.
ಇಳಿಜಾರಿನ ತಿರುವುಗಳಲ್ಲಿ
ಕೈ ಅಡ್ಡ ಹಿಡಿದೆ, ಮಗುವಿಗೆ ಹಿಡಿದಂತೆ.

ನನಗೆ ಐವತ್ತನಾಲ್ಕು.
ಕಾಲುಚೀಲದ ಡ್ರಾಯರಿನಲ್ಲಿ ಮೊದಲನೆಯದರ ಮೇಲೆ
ಎರಡನೆಯದು ಮಲಗಿದೆ.
ನಮ್ಮ ಮನೆಗೆ ಟಪಾಲು ಹಾಕುವವಳೂ ನಾನೇ,
ಬೊಗಳಲು ನಾಯಿಯಿಲ್ಲ, ಕೇಳಲು ಜನವಿಲ್ಲ.
ಸಂಜೆ ವ್ಯಾನು ನಿಲ್ಲಿಸಿ
ಗೇಟಿನ ಹೊರಗೇ ಸ್ವಲ್ಪ ಹೊತ್ತು ನಿಂತೆ,
ಕೇಳಿದೆ.

ಕಿವಿ ಬಿಸಿಯಾಯಿತು.