ಹತ್ತು ನಿಮಿಷದ ಬೆಳಕು

ಷಿಂಗೆತ್ತಿಯಲ್ಲಿ ಆರೂಕಾಲಿಗೆ
ದಿಬ್ಬಕ್ಕೆ ಬೈತಲೆ ಮೂಡುತ್ತದೆ:
ಒಂದು ಮಗ್ಗುಲು ಬೆಲ್ಲದ ಪಾಕ, ಇನ್ನೊಂದು ಮಸಿ.
ಹತ್ತೇ ನಿಮಿಷ. ಆಮೇಲೆ ಎಲ್ಲ ಸಪ್ಪೆ ಹಿಟ್ಟು.

ಮೊಣಕಾಲೂರಿ ಉಸಿರು ಕಟ್ಟಿದ್ದೇನೆ.
ಚೌಕಟ್ಟಿನೊಳಗೆ ನಡೆದೇ ಬಂದಳು ನೆಬ್ಗೂಹ,
ನೀಲಿ ಮೆಲ್ಹಫ, ಕೈಯಲ್ಲಿ ಚಹದ ಕೆಟಲು.
‘ಸ್ವಲ್ಪ ಸರಿಯಮ್ಮಾ, ಹೆಜ್ಜೆ ಮೂಡುತ್ತೆ.’
ಸರಿಯಲಿಲ್ಲ.
ಬಗ್ಗಿ ಮರಳಿಗೆ ಅಂಗೈ ಒತ್ತಿದಳು:
‘ಇಲ್ಲೇ, ಎರಡಾಳುದ್ದ ಕೆಳಗೆ, ನಮ್ಮ ಒಲೆ.
ಆ ಕಡೆ ಅಮ್ಮ ನನ್ನ ಹೆತ್ತ ಕೋಣೆ.
ನೀನು ನಿಂತಿದ್ದೀಯಲ್ಲ, ಅದು ಚಾವಣಿ.’

ಬೂಟು ಬಿಚ್ಚಿದೆ.

ಬೆಳಕು ಕಾಯಲಿಲ್ಲ; ಹಿಟ್ಟಾಯಿತು.
ಮೂರನೇ ಲೋಟದ ಹೊತ್ತಿಗೆ ತೆಗೆದದ್ದು ಒಂದೇ ಪಟ:
ಸಪ್ಪೆ ಬಿಸಿಲು, ನೆರಳಿಲ್ಲದ ದಿಬ್ಬ,
ಅದರ ಮೇಲೆ ಅವಳ ಐದು ಬೆರಳ ಗುರುತು.
ಗಾಳಿ ಆಗಲೇ ಕಿರುಬೆರಳು ತಿನ್ನುತ್ತಿತ್ತು.