ಗಾಳಿ ಎಡವುವ ಜಾಗ

ವಾರಕ್ಕೆ ಆರು ದಿನ ತಗಡು ಮಡಚುತ್ತೇನೆ
ಅಜ್ಮಾನಿನ ಶೆಡ್ಡಿನಲ್ಲಿ, ಇಪ್ಪತ್ತೆರಡು ಗೇಜಿನದು.
ಹೋಟೆಲುಗಳ ಸೀಲಿಂಗಿನ ಮೇಲೆ, ಯಾರೂ ತಲೆಯೆತ್ತಿ ನೋಡದಲ್ಲಿ
ತಂಪು ಗಾಳಿ ನಡೆದುಹೋಗಲು ಓಣಿ ಕಟ್ಟುವುದು ನನ್ನ ಕಸುಬು.
ಏಳನೆಯ ದಿನವೂ ಅದೇ ಓಣಿ,
ಅಂಗೈಗಿಂತ ಕಿರಿದು, ಎಪ್ಪತ್ತು ಮಿಲಿಮೀಟರ್,
ಒಳಗೆ ಹನ್ನೆರಡು ಅಲಗಿನ ಫ್ಯಾನು.

ಪೆಟ್ಟಿಗೆ ಬಂದ ದಿನ ಹಸೈನಾರ್ ನಕ್ಕಿದ್ದ:
"ಎಂತ ಮಾರಾಯ, ಥರ್ಮೋಕೋಲಿಗೆ ಇಷ್ಟು ದುಡ್ಡಾ?
ಮೀನಿನಂಗಡಿಯಲ್ಲಿ ಪುಕ್ಕಟೆ ಸಿಗ್ತದೆ."
ನಕ್ಕವನೇ ತನ್ನ ಕೆಫೆಟೇರಿಯಾದ ಹಿಂಬದಿಯಲ್ಲಿ
ಪರೋಟ ಹಿಟ್ಟಿನ ಡಬ್ಬಿ ಸರಿಸಿ ಚಾರ್ಜರಿಗೆ ಜಾಗ ಕೊಟ್ಟ.
ಮರಳು ತುಂಬಿದ ಬಕೆಟಿನಲ್ಲಿ ಆರು ಸೆಲ್ಲಿನ ಬ್ಯಾಟರಿ;
ಚಾ ಸೋಸುವ ನಡುವೆ ಬಂದು ಮುಟ್ಟಿ ನೋಡುತ್ತಿದ್ದ
ಬಿಸಿಯಿದೆಯೋ, ಉಬ್ಬಿದೆಯೋ.

ಮೇಜಿಗೆ ಬಿಗಿದು ಮೊದಲ ಸಲ ಥ್ರಾಟಲ್ ಕೊಟ್ಟಾಗ
ಒಂದು ಸೀಟಿ ಬಂತು. ಬರಬಾರದ ಸೀಟಿ.
ಮೋಟರಿನದಲ್ಲ, ಬೇರಿಂಗಿನದಲ್ಲ.
ಈ ಸದ್ದು ನನಗೆ ಗೊತ್ತು:
ಶಾರ್ಜಾದ ಬ್ಯಾಂಕೊಂದರ ನಾಲ್ಕನೇ ಮಹಡಿಯಲ್ಲಿ
ಮೂರು ವಾರ ಇದರ ಬೆನ್ನುಹತ್ತಿ ತೆವಳಿದ್ದೇನೆ.
ಎಲ್ಲೋ ಗಾಳಿ ಎಡವುತ್ತಿದೆ.
ಫ್ಯಾನು ಕಳಚಿ ಕಿರುಬೆರಳು ಆಡಿಸಿದೆ,
ಎರಡು ಅಚ್ಚು ಕೂಡುವಲ್ಲಿ ಒಂದು ಹೊಸ್ತಿಲು,
ಉಗುರಿನಷ್ಟು ದಪ್ಪ.
ಉಜ್ಜಿದೆ. ಅಲ್ಯುಮಿನಿಯಂ ಟೇಪು ಒಂದು ಸುತ್ತು ಹಚ್ಚಿದೆ.
ಟೇಪು ಕಂಪನಿಯದು, ಲೆಕ್ಕದಲ್ಲಿ ಬರೆಯಲಿಲ್ಲ.
ಸೀಟಿ ಹೋಗಿ ಉಸಿರು ಉಳಿಯಿತು.

ಉಮ್ಮುಲ್ ಕುವೈನಿನ ಆಚೆ, ಹಿನ್ನೀರಿನ ಅಂಚಿನಲ್ಲಿ
ಉಪ್ಪು ಹೆಪ್ಪುಗಟ್ಟಿದ ಸಬ್ಖಾ.
ಖಲ್ಫಾನ್ ತಮ್ಮ ಪಿಕಪ್ಪಿನ ಹಿಂದೆ ಹಲಗೆ ಕಟ್ಟಿ
ಎಳೆದೆಳೆದು ಉಜ್ಜಿದ ರನ್‌ವೇ.
ಬಾಂಗು ಮುಗಿದು ಒಂದು ಗಂಟೆ. ಜುಲೈ.
ಇನ್ನು ಸ್ವಲ್ಪ ಹೊತ್ತಿಗೆ ಗಾಳಿ ಕಾದು ತೆಳುವಾಗಿ
ರೆಕ್ಕೆಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ರೆಕ್ಕೆಯಡಿ ಎರಡು ಬೆರಳಿಟ್ಟು ಎತ್ತಿದೆ. ಮೂಗು ಬಾಗಲಿಲ್ಲ.
ಬ್ಯಾಟರಿಯನ್ನು ಎಂಟು ಮಿಲಿಮೀಟರ್ ಮುಂದೆ ತಳ್ಳಿದೆ. ಬಾಗಿತು,
ಮನಸ್ಸಿಲ್ಲದವನು ಹೂಂ ಎಂದಷ್ಟು.
ಕಡ್ಡಿ ಬಲಕ್ಕೆ: ಬಲ ಐಲರಾನ್ ಮೇಲೆ.
ಹಿಂದಕ್ಕೆಳೆದರೆ: ಎಲಿವೇಟರ್ ಮೇಲೆ.
ಖಲ್ಫಾನ್ ಇದನ್ನು ಬಾಯಿಬಿಟ್ಟು ಹೇಳಿಸದೆ ಬಿಡುವವರಲ್ಲ;
ಎಡಬಲ ಅದಲುಬದಲಾದ ಅವರ ವಿಮಾನವೊಂದು
ಅವರ ಗಾಡಿಯ ಗಾಜನ್ನೇ ಹುಡುಕಿಕೊಂಡು ಬಂದಿತ್ತಂತೆ.

ಕೇಳಿದೊಡನೆ ಕೊಡುವ ಜಾತಿಯದಲ್ಲ ಇದು.
ಕಡ್ಡಿ ಪೂರ್ತಿ ಮುಂದೆ, ಆಮೇಲೂ ಒಂದು ಯೋಚನೆ,
ಉಪ್ಪಿನ ಮೇಲೆ ಗಾಲಿ ಗುರುಗುಟ್ಟಿ
ಅರವತ್ತು ಹೆಜ್ಜೆ, ಎಂಬತ್ತು,
ಹಸೈನಾರ್ ಕಣ್ಣು ಮುಚ್ಚುವಷ್ಟರಲ್ಲಿ
ನೆರಳು ಕಳಚಿ ಕೆಳಗೆ ಉಳಿಯಿತು.

ಇರುವುದು ಮೂರೂವರೆ ನಿಮಿಷ.
ತಿರುವಿನಲ್ಲಿ ಬೆಳ್ಳಗೆ ಹೊಟ್ಟೆ ತೋರಿಸಿ
ನಮ್ಮ ತಲೆಯ ಮೇಲೆ ರೇಷ್ಮೆ ಹರಿದ ಸದ್ದು.
ನಾನು ಮಾಡಿದ ಓಣಿಗಳಲ್ಲಿ
ಆಕಾಶ ಕಂಡದ್ದು ಇದೊಂದೇ.

ಎರಡೂ ಮುಕ್ಕಾಲಿಗೆ ಒಂದು ಸೆಲ್ಲು ಸೋತಿತು.
ಸದ್ದು ನಿಂತದ್ದು ಮೊದಲು, ಅರ್ಥವಾದದ್ದು ಆಮೇಲೆ.
ಜಾರುತ್ತ, ಜಾರುತ್ತ, ಕಾಂಡ್ಲಾ ಗಿಡಗಳ ಹಿಂದೆ.

ಮೊಣಕಾಲು ಕೆಸರು. ಎತ್ತ ನೋಡಿದರೂ ಒಂದೇ ಹಸಿರು.
ನಾನು ಕಡ್ಡಿ ಅಲ್ಲಾಡಿಸುತ್ತಲೇ ಇದ್ದೆ,
ಹೆಬ್ಬೆರಳಿಗೆ ಸುದ್ದಿ ಮುಟ್ಟಿರಲಿಲ್ಲ.
"ರಿಮೋಟ್ ಬಂದ್ ಕರೋ," ಅಂದರು ಖಲ್ಫಾನ್.
ಕೈಯಲ್ಲಿ ಉಳಿದ ಒಂದೇ ಎಳೆ ಅದು.
ಆರಿಸಿದೆ.

ಮೊದಲು ಏಡಿಗಳ ಪುಟಪುಟ.
ಆಮೇಲೆ ಎಡಗಡೆ, ದೂರದಲ್ಲಿ, ಬೀಪ್.
ಒಡೆಯನ ಗುರುತು ಕಾಣೆಯಾದೊಡನೆ
ಕೂಗಲು ಹೇಳಿಕೊಟ್ಟಿರುತ್ತಾರೆ ಇದಕ್ಕೆ.
ಬೀಪ್. ಮೂವರೂ ಚಪ್ಪಲಿ ಕೈಯಲ್ಲಿ ಹಿಡಿದು
ಸದ್ದಿನ ಕಡೆಗೆ, ಮಾತಿಲ್ಲದೆ.

ಮೂಗು ಮುರಿದಿತ್ತು. ಒಂದು ಅಲಗು ಇಲ್ಲ.
ಬೆರಳು ಹಾಕಿ ನೋಡಿದೆ, ಟೇಪು ಕದಲಿರಲಿಲ್ಲ.
ಹಸೈನಾರ್ ಮುರಿದ ಮೂಗಿನ ಕೆಸರನ್ನು
ತನ್ನ ಅಂಗಿಯಂಚಿಗೆ ಒರೆಸಿಕೊಂಡು ಹೇಳಿದ:
"ಮೀನಿನಂಗಡಿಯಲ್ಲಿ ಕೇಳುವಾ. ಒಳ್ಳೆ ದಪ್ಪದ್ದು ಉಂಟು."